ಬಾದಾಮಿ ಬಿಸಿಲಿನಾಗ ನನ್ನ 60 ವಾಟ್ ಲೈಟು

ಪೋರ್ಟ್ರೇಟಿಗೆ ಯಾವ ಲೈಟ್ ತಗೊಳ್ಳಲಿ ಅಂತ ಹುಡುಗ್ರು ಕೇಳ್ತಾರ, ನಾ ತಿರುಗಿ ಕೇಳೋದು ಒಂದೇ, ಒಳಗ ಹೊಡಿತಿಯೋ ಹೊರಗೋ? ನನಗ ಆಗ ಯಾರೂ ಇದನ್ನ ಕೇಳ್ಲಿಲ್ಲ, ರೊಕ್ಕಾ ಹೋತು.

ಬಾಗಲಕೋಟೆ ನವನಗರದಾಗ ನಮ್ಮ ಮನಿ ಮ್ಯಾಲಿನ 10 ಬೈ 12 ಖೋಲಿನೇ ನನ್ನ ಸ್ಟುಡಿಯೋ. ಮೊದಲ ತಂದದ್ದು ಗೊಡಾಕ್ಸ್ ಕಂಪನಿಯ ಎಸ್ಎಲ್ 60, ಅಂದ್ರ ಒಂದೇ ಸಮ ಉರಿಯೋ 60 ವಾಟಿನ ಎಲ್ಇಡಿ ಲೈಟು. ಖೋಲಿ ಒಳಗ ಭಾರಿ ಚಲೋ, ಮೂಗಿನ ನೆರಳು ಎಲ್ಲಿ ಬೀಳತೈತಿ ಅಂತ ಕಣ್ಣಿಗೇ ಕಾಣತೈತಿ, ಕಲಿಯಾಕ ಅದೇ ಬೆಸ್ಟ್. ಆಮ್ಯಾಲೆ ಒಂದು ಜೋಡಿ ಪ್ರಿ-ವೆಡ್ಡಿಂಗಿಗಂತ ಬಾದಾಮಿಗೆ ಕರಕೊಂಡು ಹೋತು, ಊರ ಹೊರಗ ಗುಡ್ಡದ ಬುಡಕ್ಕ, ಮಟಮಟ ಮಧ್ಯಾಹ್ನ, ಇನ್ವರ್ಟರ್ ಬ್ಯಾಟರಿ ಹೊತ್ತು ಬೆನ್ನು ಮುರಿದಿತ್ತು, ಲೈಟ್ ಹಚ್ಚಿದ್ರ ಹಚ್ಚೀನೋ ಇಲ್ಲೋ ಅಂತ ನನಗೇ ಡೌಟು. ಹೋಗ್ಲಿ ಅಂದ್ರ ಆ ಕೆಂಪು ಕಲ್ಲಿನ ಬೆಳಕು ಬ್ಯಾರೆ, ಹುಡುಗಿ ಒಂದು ಗಲ್ಲ ಕೆಂಪ, ಇನ್ನೊಂದು ನೀಲಿ, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿ ಹಂಗೇ ಕಾಣಂಗ ಕ್ಯಾಮೆರಾದಾಗ ಬಣ್ಣ ಹೊಂದಿಸೋದು) ಯಾವುದಕ್ಕ ಮಾಡೋದು?

ಮನಿಗೆ ಬಂದು ಲೆಕ್ಕಾ ಹಾಕಿದೆ. ಬಿಸಿಲಿನಾಗ ಐಎಸ್ಒ (ಕ್ಯಾಮೆರಾ ಬೆಳಕು ಹಿಡಿಯೋ ಚುರುಕು) 100, ಶಟರ್ 1/200 ಸೆಕೆಂಡ್ ತೆರೆಯಂಗ ಇಟ್ರ ಲೆನ್ಸಿನ ಬಾಯಿ ಎಫ್ 11ರಷ್ಟು ಸಣ್ಣ ಮಾಡಬೇಕಾಗತೈತಿ. ಆ 1/200 ಸೆಕೆಂಡಿನಾಗ 60 ವಾಟ್ ಎಲ್ಇಡಿ ಕೊಡೋದು 0.3 ವಾಟ್-ಸೆಕೆಂಡ್ ಶಕ್ತಿ. ಗೊಡಾಕ್ಸಿಂದೇ ಎಡಿ200 ಅನ್ನೋ ಫ್ಲಾಶು ಒಂದ ಸಲಕ್ಕ 200 ವಾಟ್-ಸೆಕೆಂಡ್ ಕೊಡತೈತಿ. ಎಲ್ಇಡಿ ಕರೆಂಟ್ ಕಮ್ಮಿ ಹಾಳ ಮಾಡತೈತಿ ಅನ್ರಿ, ಆದ್ರೂ ಎಲ್ಲಿಂದ ಎಲ್ಲಿಗೆ! ಬ್ಯಾಟರಿನೂ ಫ್ಲಾಶಿನೊಳಗ ಕುಂತಿರತೈತಿ. ತಗೊಂಡೆ.

ಆದ್ರ ಖರೇ ಫರಕ್ ಬಿದ್ದದ್ದು ಲೈಟಿನ ಮುಂದ ಬಿಳಿ ಬಟ್ಟಿ ಹಿಡಿದು ಬೆಳಕು ಹರಡೋ ಸಾಫ್ಟ್‌ಬಾಕ್ಸಿನಿಂದ. ನಮ್ಮ ಕಡೆ ಫೋಟೋಕ್ಕ ಬರೋರು ಇಳಕಲ್ ಸೀರಿ, ಗುಳೇದಗುಡ್ಡ ಖಣದ ಕುಪ್ಪಸ ಹಾಕ್ಕೊಂಡೇ ಬರ್ತಾರ. ಸೆರಗು ರೇಷ್ಮಿ, ಸಣ್ಣ ಲೈಟ್ ಹೊಡದ್ರ ಅದರ ಮ್ಯಾಲೆ ಬೆಳ್ಳಗ ಚುಕ್ಕಿ ಕುಂತು ಬಣ್ಣನೇ ಹೊಕ್ಕತಿ. 90 ಸೆಂಟಿಮೀಟರಿನ ಆಕ್ಟಾ, ಅಂದ್ರ ಎಂಟು ಮೂಲಿ ಸಾಫ್ಟ್‌ಬಾಕ್ಸ್, ಮಾರಿಯಿಂದ ಮೂರು ಫೂಟಿಗೆ ತಂದೆ, ಹೊಳಪು ಹರಡಿ ನಿಂತು ರೇಷ್ಮಿ ರೇಷ್ಮಿ ಹಂಗೇ ಕಾಣ್ತು. ಅದನ್ನ ಆರು ಫೂಟಿಗೆ ಒಯ್ರಿ, ಬೆಳಕು ಕಾಲುಭಾಗಕ್ಕ ಇಳಿತೈತಿ, ನೆರಳೂ ಗಡಸ ಆಗತೈತಿ. ಖಣ ಮಾತ್ರ ಹಠಮಾರಿ, ಎದುರಿಂದ ಲೈಟ್ ಹಾಕಿದ್ರ ನೇಯ್ಗಿನೇ ಕಾಣಂಗಿಲ್ಲ, ಬಾಜೂಕ ಸರಿಸಿ ಓರೆ ಬಿಡಬೇಕು, ಇನ್ನೊಂದು ಕಡೆ ಬೆಳಕು ತಿರುಗಿ ಬೀಳಂಗ ಥರ್ಮಾಕೋಲ್ ಹಾಳಿ ಹಿಡದ್ರ ಮುಗೀತು.

ನಡುವ ಸೋವಿ ಸಿಗತೈತಂತ ಹೆಸರಿಲ್ಲದ ಎಲ್ಇಡಿ ಪ್ಯಾನೆಲ್ ಒಂದು ತಂದಿದ್ದೆ, ಅದರಾಗ ಇಳಕಲ್ ಕೆಂಪು ಮಣ್ಣಿನ ಬಣ್ಣಕ್ಕ ತಿರಗ್ತಿತ್ತು, ಸಿಆರ್‌ಐ, ಅಂದ್ರ ಲೈಟಿನಾಗ ಬಣ್ಣ ಎಷ್ಟು ಖರೇ ಕಾಣತೈತಿ ಅನ್ನೋ ಅಂಕಿ, 95ರ ಮ್ಯಾಲಿಲ್ಲದ್ದು ಮುಟ್ಟಬ್ಯಾಡ್ರಿ. ಸ್ಟ್ಯಾಂಡೂ ಗಟ್ಟಿ ಇರ್ಲಿ, ಗಾಳಿಗೆ ಸಾಫ್ಟ್‌ಬಾಕ್ಸ್ ಪಟ ಆಗತೈತಿ, ನಾ ಹಳೇ ಜೋಳದ ಚೀಲದಾಗ ಉಸುಕು ತುಂಬಿ ಕಟ್ತೀನಿ.

ಎಸ್ಎಲ್ 60 ಮಾರಿಲ್ಲ. ಕೂಸಿನ ಫೋಟೋಕ್ಕ ಫ್ಲಾಶ್ ಹೊಡೀಬ್ಯಾಡೋ ಅಂತ ಅಜ್ಜಿಗೋಳು ಜಗಳಾ ತಗೀತಾರ, ಆಗ ಅದನ್ನ ಹಚ್ತೀನಿ.