ಕಾಫಿ ಬೊಡ್ಡೆ ಕೊನೆಗೂ ಸೀಳಲಿಲ್ಲ

"ಗೌಡ್ರೇ, ಕಾಫಿ ಕಟ್ಟಿಗೆ ಬಚ್ಚಲ ಒಲೆಗೆ ಒಳ್ಳೇದು. ಅದಕ್ಯಾಕೆ ಉಳಿ ಹಾಳು ಮಾಡ್ಕೋತೀರಿ?"

ನಮ್ಮ ಕೆತ್ತನೆ ಸಂಘದ ಆಚಾರ್ರು ಈ ಮಾತು ಹೇಳಿ ನಾಲ್ಕು ವರ್ಷವಾಯಿತು. ಹೇಳಿದ್ದು ಎಲ್ಲರ ಎದುರಿಗೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಈ ಜನವರಿಯ ಸ್ಪರ್ಧೆಯಲ್ಲಿ ಕಾಫಿ ಮರದಲ್ಲಿ ಕೆತ್ತಿದ ನನ್ನ ಕೆಂದಳಿಲು ನಡುಮಧ್ಯಾಹ್ನದ ಬಿಸಿಲಲ್ಲಿ ಮೂರು ಗಂಟೆ ಕೂತಿತ್ತು. ಕೂದಲೆಳೆಯಷ್ಟೂ ಬಿರುಕು ಬಿಡಲಿಲ್ಲ. ಅದಕ್ಕೇ ಇಷ್ಟು ಬರೆಯುವ ಧೈರ್ಯ.

ಸಂಘ ಅಂದರೆ ದೊಡ್ಡದೇನಲ್ಲ. ತಿಂಗಳ ಎರಡನೇ ಭಾನುವಾರ ಚಿಕ್ಕಮಗಳೂರಿನಲ್ಲಿ ಸದಸ್ಯರೊಬ್ಬರ ಹಳೇ ಕಾಫಿ ಗೋಡೌನಿನಲ್ಲಿ ಸೇರುತ್ತೇವೆ. ಪುಸ್ತಕದಲ್ಲಿ 25 ಹೆಸರಿದೆ, ಬರುವವರು 14-15. ತಿಂಗಳಿಗೆ 100 ರೂಪಾಯಿ ಚಂದಾ, ಅದರಲ್ಲಿ ಅರ್ಧ ಕಾಫಿ-ಬನ್ನಿಗೇ ಹೋಗುತ್ತದೆ. ಬಡಗಿ ಕೆಲಸದವರು ಮೂವರು, ನಿವೃತ್ತ ಮೇಷ್ಟರು, ಒಬ್ಬ ಆಟೋ ಓಡಿಸುವವನು, ಇಬ್ಬರು ಕಾಲೇಜು ಹುಡುಗಿಯರು, ಮತ್ತೆ ನನ್ನಂಥ ನಾಲ್ಕೆಕರೆ ತೋಟದವರು. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಶಿಬಿರ ಮಾಡುತ್ತೇವೆ. ಮೊದಲ ದಿನ ಸೋಪು ಕೆತ್ತಿಸುತ್ತೇವೆ, ಆಮೇಲೆ ಹಾಲವಾಣದ ತುಂಡು. ಹಾಲವಾಣ ಎಷ್ಟು ಮೆತ್ತಗೆ ಅಂದರೆ ತರಕಾರಿ ಹೆಚ್ಚುವ ಚಾಕುವಿಗೂ ಬಗ್ಗುತ್ತದೆ.

ಜನವರಿಯ ಸ್ಪರ್ಧೆಯಲ್ಲಿ ಮುಖ್ಯವಾದದ್ದು ಎರಡು. ಒಂದು, ಒಂದು ಗಂಟೆಯ ಚಾಕು ಸ್ಪರ್ಧೆ. ಎಲ್ಲರಿಗೂ ಒಂದೇ ಅಳತೆಯ ಹಾಲವಾಣ ಕೊಡುತ್ತಾರೆ, ಏನು ಕೆತ್ತಬೇಕು ಅನ್ನುವುದು ಚೀಟಿಯಲ್ಲಿ ಬರುತ್ತದೆ. ಅದರಲ್ಲಿ ನಾನು ಸೊನ್ನೆ. ಒಂದು ವರ್ಷ "ಕೊಡೆ" ಅಂತ ಬಂತು. ಹೆಬ್ಬೆರಳು ಕುಯ್ದುಕೊಂಡು ಹತ್ತೇ ನಿಮಿಷಕ್ಕೆ ಎದ್ದು ಬಂದೆ. ಇನ್ನೊಂದು "ಒಂದೇ ತುಂಡು". ಮನೆಯಲ್ಲೇ ಕೆತ್ತಿ ತರಬೇಕು. ಅಂಟು ಹಾಕಿರಬಾರದು, ಬಿರುಕಿಗೆ ಪುಟ್ಟಿ ತುಂಬಿರಬಾರದು. ಬೆಳಿಗ್ಗೆ ತಂದದ್ದನ್ನು ಮೂರು ಗಂಟೆ ಬಿಸಿಲಲ್ಲಿ ಇಟ್ಟು ಆಮೇಲೆ ಅಂಕ ಹಾಕುತ್ತಾರೆ. ಬೀಟೆ ತಂದರೆ ಬಿಲ್ ತೋರಿಸಬೇಕು. ಶ್ರೀಗಂಧದ ಮಾತೇ ಎತ್ತುವಂತಿಲ್ಲ, ಅರಣ್ಯ ಇಲಾಖೆಯ ತಂಟೆ ಯಾರಿಗೆ ಬೇಕು ಅಲ್ವಾ? ಹಾಗಾಗಿ ಎಲ್ಲರೂ ಶಿವನಿ, ಹಲಸು, ತೇಗ ಹಿಡಿದೇ ಬರುತ್ತಾರೆ. ಮುಕ್ಕಾಲು ಜನ ಮದನಿಕೆಯನ್ನೇ ಕೆತ್ತುತ್ತಾರೆ. ಬೇಲೂರು ಪಕ್ಕದಲ್ಲೇ ಇದೆಯಲ್ಲ.

ನನ್ನ ಲೆಕ್ಕ ಬೇರೆ ಇತ್ತು. ಪ್ರತಿ ವರ್ಷ ತೋಟದಲ್ಲಿ ಹಳೇ ಗಿಡ ಕೀಳಿಸುತ್ತೇನೆ. ಅಷ್ಟು ಗಟ್ಟಿ, ಅಷ್ಟು ನುಣುಪಿನ ಮರ ಬಚ್ಚಲ ಒಲೆ ಸೇರುತ್ತದೆ. ಹಾಲು ಬೆರೆಸಿದಂಥ ಹಳದಿ ಬಣ್ಣ, ಎಳೆ ಎಷ್ಟು ಒತ್ತೊತ್ತು ಅಂದರೆ ಉಗುರಿನಷ್ಟು ಕಣ್ಣು ಕೆತ್ತಿದರೂ ಅಂಚು ಉದುರುವುದಿಲ್ಲ. ಒಂದೇ ರೋಗ, ಒಣಗುವಾಗ ಸೀಳುತ್ತದೆ.

ಮೊದಲ ವರ್ಷ ಮಾಡಿದ್ದು ಶುದ್ಧ ದಡ್ಡತನ. ಬಿಳಿ ಕಾಂಡಕೊರಕ ಹುಳ ಹೊಡೆದು ಒಣಗಿದ್ದ ಅರೇಬಿಕಾ ಗಿಡಗಳು ಬಿದ್ದಿದ್ದವು. ಪುಕ್ಕಟೆ ಮರ ಅಂತ ಅದನ್ನೇ ಎತ್ತಿಕೊಂಡೆ. ಒಂದು ನಂದಿ ಕೆತ್ತುತ್ತಿದ್ದೆ. ಹದಿನೈದು ದಿನದ ಕೆಲಸ ಆಗಿತ್ತು. ಮೂಗಿನ ಹೊಳ್ಳೆಗೆ ಸಣ್ಣ ಉಳಿ ಇಟ್ಟು ಒಂದೇ ಏಟು ಕೊಟ್ಟೆ, ಉಳಿ ಅರ್ಧ ಇಂಚು ಒಳಗೆ ಹೋಯಿತು. ಹುಳ ಕೊರೆದ ಸುರಂಗ. ಒಳಗೆಲ್ಲ ಗಟ್ಟಿಯಾಗಿ ಒತ್ತಿದ ಹುಡಿ. ಹೊರಗಿನಿಂದ ಏನೇನೂ ಕಾಣುತ್ತಿರಲಿಲ್ಲ. ನಂದಿಯ ಮುಖ ಕಿತ್ತು ಬಂತು. ಕಾಂಡಕೊರಕ ಹೊಡೆದ ಗಿಡವನ್ನು ಕಿತ್ತು ಸುಡಬೇಕು ಅಂತ ಬೆಳೆಗಾರನಾಗಿ ನನಗೆ ಗೊತ್ತಿಲ್ಲವಾ? ಗೊತ್ತಿತ್ತು. ಆದರೂ ಮನೆಯೊಳಗೆ ತಂದಿಟ್ಟಿದ್ದೆ.

ಎರಡನೇ ವರ್ಷ ರೋಬಸ್ಟಾಕ್ಕೆ ಬಂದೆ. ಅಜ್ಜನ ಕಾಲದ ಗಿಡಗಳು, ಬುಡದಲ್ಲಿ ಆರಿಂಚು ದಪ್ಪ. ಕೊರಕದ ಕಾಟ ಇದಕ್ಕೆ ಕಡಿಮೆ. ಬೊಡ್ಡೆಯ ಎರಡೂ ತುದಿಗೆ ಪೇಂಟ್ ಬಳಿದು ಒಲೆ ಮೇಲಿನ ಅಟ್ಟಕ್ಕೆ ಹಾಕಿದೆ. ಹೊಗೆ ಕುಡಿದು ನಿಧಾನಕ್ಕೆ ಒಣಗುತ್ತದೆ ಅಂದುಕೊಂಡಿದ್ದೆ. ವಾರದೊಳಗೆ ಎಂಟರಲ್ಲಿ ಏಳು ಸೀಳಿದವು, ಕೆಲವಕ್ಕೆ ಬೆರಳು ಹೋಗುವಷ್ಟು ಬಿರುಕು. ಉಳಿದ ಒಂದರಲ್ಲಿ ಕಪ್ಪೆ ಕೆತ್ತಿ ಸ್ಪರ್ಧೆಗೆ ಒಯ್ದೆ. ಬಿಸಿಲಿಗಿಟ್ಟು ಇನ್ನೂ ಒಂದು ಗಂಟೆ ಆಗಿರಲಿಲ್ಲ. ನಾವು ಉಪ್ಪಿಟ್ಟು ತಿನ್ನುತ್ತಿದ್ದೆವು. 'ಟಪ್' ಅಂತ ಸದ್ದಾಯಿತು. ಯಾರದು ಅಂತ ಯಾರೂ ಕೇಳಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಕಪ್ಪೆಯ ಬೆನ್ನಿನ ಮೇಲೆ ಕುತ್ತಿಗೆಯಿಂದ ಅಂಡಿನವರೆಗೆ ಒಂದೇ ಗೀಟು.

ಮೂರನೇ ವರ್ಷ ಸ್ಪರ್ಧೆಗೆ ಹೋಗಲೇ ಇಲ್ಲ, ಬರೀ ಪ್ರಯೋಗ. ಗೋಣಿಚೀಲದಲ್ಲಿ ಸುತ್ತಿಟ್ಟದ್ದಕ್ಕೆ ಜುಲೈ ಮಳೆಯಲ್ಲಿ ಹಸಿರು ಬೂಷ್ಟು ಹಿಡಿಯಿತು. ಉಪ್ಪು ನೀರಲ್ಲಿ ನೆನೆಹಾಕಿದ್ದು ಸೀಳಲಿಲ್ಲ, ನಿಜ. ಆದರೆ ಗಾಳಿ ತೇವವಾದಾಗೆಲ್ಲ ಮರ ಬೆವರುತ್ತಿತ್ತು. ಅದನ್ನು ಕೆತ್ತಿದ ಒಳ್ಳೆಯ ಗೋಲುಳಿ ಎರಡೇ ದಿನಕ್ಕೆ ತುಕ್ಕು ಹಿಡಿಯಿತು. 700 ರೂಪಾಯಿ ಉಳಿ ಅದು.

ದಾರಿ ಸಿಕ್ಕಿದ್ದು ಬೇಲೂರಿನಲ್ಲಿ. ಸಂಘದಿಂದ ವರ್ಷಕ್ಕೊಮ್ಮೆ ಬೇಲೂರು, ಹಳೇಬೀಡಿಗೆ ಹೋಗಿ ಗೀಚು ಪುಸ್ತಕ ಹಿಡಿದು ಕೂರುತ್ತೇವೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಜನ ಜಾಸ್ತಿ, ಕೂರಲು ಜಾಗ ಹುಡುಕಬೇಕು. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ ಅಂತ ಗೈಡ್ ಯಾರಿಗೋ ಹೇಳುತ್ತಿದ್ದ. ನೂರು ಸಲ ಕೇಳಿದ ಮಾತು. ಅವತ್ತು ಮಾತ್ರ ತಲೆಗೆ ಹೊಳೆಯಿತು. ಕಾಫಿ ಮರವೂ ಹಸಿಯಲ್ಲಿ ಮೆತ್ತಗೇ ಅಲ್ವಾ? ನಾನು ಬೊಡ್ಡೆಯನ್ನು ಇಡಿಯಾಗಿ ಒಣಗಿಸಿ, ಕಬ್ಬಿಣದಂತಾದ ಮೇಲೆ ಕೆತ್ತಲು ಕೂರುತ್ತಿದ್ದೆ. ಮೊದಲೇ ಕೆತ್ತಿ ತೆಳ್ಳಗೆ ಮಾಡಿಬಿಟ್ಟರೆ ಒಳಗೂ ಹೊರಗೂ ಒಟ್ಟಿಗೆ ಒಣಗುತ್ತದೆ.

ಆಚಾರ್ರಿಗೆ ಬಸ್ಸಲ್ಲೇ ಹೇಳಿದೆ. "ಹಸಿ ಮರ ಕೆತ್ತೋದು ಸೌಟು ಮಾಡೋರ ಕೆಲಸ" ಅಂದರು.

ಸರಿ, ಮಾಡಿದ್ದು ಹೀಗೆ. ರೋಬಸ್ಟಾ ಕೊಯ್ಲು ಮುಗಿದು ಮಾರ್ಚಿನಲ್ಲಿ ಗಿಡ ಕೀಳಿಸಿದ ವಾರದಲ್ಲೇ ಸಿಪ್ಪೆ ತೆಗೆದು, ಬಾಚಿ ಮತ್ತು ದೊಡ್ಡ ಉಳಿಯಲ್ಲಿ ಒರಟು ಆಕಾರಕ್ಕೆ ತಂದೆ. ಎಲ್ಲ ಕಡೆ ಅರ್ಧ ಇಂಚು ಜಾಸ್ತಿ ಬಿಟ್ಟೆ. ಆಮೇಲೆ ಅಡಿಯಿಂದ ಮೇಲಕ್ಕೆ, ನಡು ತಿರುಳಿನಲ್ಲೇ, 12 ಎಂ.ಎಂ. ಡ್ರಿಲ್ ಬಿಟ್ಟಿನಲ್ಲಿ ತೂತು ಕೊರೆದೆ. ಮುಕ್ಕಾಲು ಎತ್ತರದವರೆಗೆ ಮಾತ್ರ, ತಲೆಯಿಂದ ಹೊರಗೆ ಬರಬಾರದು. ಮರ ಉಂಗುರದ ಸುತ್ತ ಕುಗ್ಗುವಷ್ಟು ತಿರುಳಿನ ಕಡೆಗೆ ಕುಗ್ಗುವುದಿಲ್ಲ, ಹೆಚ್ಚುಕಮ್ಮಿ ಅರ್ಧದಷ್ಟೇ. ಆ ಜಗಳ ಎಲ್ಲಾದರೂ ಬಾಯಿ ಬಿಡಲೇಬೇಕು. ಒಳಗೆ ಒಂದು ತೂತು ಕೊಟ್ಟರೆ ಅಲ್ಲೇ ಬಿಟ್ಟುಕೊಳ್ಳುತ್ತದೆ.

ಆಮೇಲೆ ಬೇಯಿಸುವುದು. ಒಂದೂವರೆ ಗಂಟೆ ಕುದಿಸಿ, ಅದೇ ನೀರಲ್ಲಿ ಬೆಳಿಗ್ಗೆವರೆಗೆ ಆರಲು ಬಿಟ್ಟೆ. ಅವಸರಕ್ಕೆ ಬಿಸಿಬಿಸಿ ಹೊರಗೆ ತೆಗೆದ ಎರಡು ತುಂಡು ಕಣ್ಣೆದುರಿಗೇ ಸೀಳಿದವು, ಹಾಗಾಗಿ ಈ ಮಾತು ನಂಬಿ. ಕುದಿಸಿದರೆ ಒಳಗಿರುವ ಹುಳ-ಮೊಟ್ಟೆಯೂ ಸಾಯುತ್ತವೆ, ಅದು ಮೇಲುಲಾಭ. ಮೊದಲ ಸಲ ಬಚ್ಚಲ ತಾಮ್ರದ ಹಂಡೆಯಲ್ಲೇ ಮಾಡಿದ್ದೆ. ಮರದ ರಸ ಬಿಟ್ಟು ನೀರು ಕಾಫಿ ಕಷಾಯದ ಬಣ್ಣ ಬಂತು. ಮಾರನೇ ದಿನ ಸ್ನಾನದ ನೀರಿಗೂ ಅದೇ ವಾಸನೆ. ಮನೆಯವಳು ಮೂರು ದಿನ ಮಾತಾಡಲಿಲ್ಲ. ಗುಜರಿಯಲ್ಲಿ 3 ಸಾವಿರಕ್ಕೋ ಏನೋ ಬೇರೆ ಹಂಡೆ ತಂದ ಮೇಲೆ ಸರಿಹೋಯಿತು. ನೀರಿಗೆ ಒಂದು ಹಿಡಿ ಇನ್ನೊಂದು ವಸ್ತು ಹಾಕುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಹಂಡೆಯಿಂದ ತೆಗೆದು, ಒರೆಸಿ, ಒಂದು ರಾತ್ರಿ ನೆರಳಲ್ಲಿ ಇಟ್ಟೆ. ತೀರಾ ಒದ್ದೆ ಇದ್ದರೆ ಮೇಣ ಹಿಡಿಯುವುದಿಲ್ಲ, ಹಪ್ಪಳದ ಹಾಗೆ ಎದ್ದು ಬರುತ್ತದೆ. ಆಮೇಲೆ ಎಳೆ ಕಡಿದು ಕಾಣುವ ಜಾಗಕ್ಕೆಲ್ಲ, ಅಂದರೆ ಅಡಿ, ನೆತ್ತಿ, ಬಾಲದ ತುದಿಗೆ, ಕರಗಿಸಿದ ಜೇನುಮೇಣ ಬಳಿದೆ. ಮೈಗೆ ಬೇಡ. ಡ್ರಮ್ಮಿಗೆ ಒಣಗಿದ ಕಾಫಿ ಚೆರ್ರಿ ಹೊಟ್ಟು ತುಂಬಿ ಅದರೊಳಗೆ ಹೂತಿಟ್ಟೆ. ಹೊಟ್ಟು ನಮ್ಮಲ್ಲಿ ಪುಕ್ಕಟೆ, ತೇವ ನಿಧಾನಕ್ಕೆ ಎಳೆಯುತ್ತದೆ. ಹದಿನೈದು ದಿನಕ್ಕೊಮ್ಮೆ ಬದಲಾಯಿಸಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಇಲ್ಲದಿದ್ದರೆ ಮತ್ತೆ ಬೂಷ್ಟು.

ತೇವ ಅಳೆಯುವ ಮೀಟರ್ ತೊಗೊಳ್ಳಿ ಅಂತ ಮೇಷ್ಟರು ಹೇಳಿದರು. ನಾನು 600 ರೂಪಾಯಿಯ ನೇತಾಡುವ ತಕ್ಕಡಿ ತಂದೆ. ಪ್ರತಿ ಭಾನುವಾರ ತೂಗಿ, ಮರದ ಅಡಿಗೇ ಪೆನ್ಸಿಲ್ಲಿನಲ್ಲಿ ಬರೆದಿಟ್ಟೆ. ಏಪ್ರಿಲ್ಲಿನಲ್ಲಿ 3 ಕೆ.ಜಿ. ಮೇಲೆ ಸ್ವಲ್ಪ ಇತ್ತು. ಅಕ್ಟೋಬರ್ ಕೊನೆಗೆ 2 ಕೆ.ಜಿ. ಹತ್ತಿರ ಬಂದು ನಿಂತಿತು. ಮೂರು ವಾರ ಮುಳ್ಳು ಅಲ್ಲಾಡಲಿಲ್ಲ. ಆಮೇಲೆಯೇ ಸಣ್ಣ ಉಳಿ ಮುಟ್ಟಿದ್ದು. ಆ ವರ್ಷ ಹೂತಿದ್ದು ಒಂಬತ್ತು ತುಂಡು, ಗಟ್ಟಿ ಉಳಿದದ್ದು ಏಳು. ಸೀಳಿದ ಎರಡರಲ್ಲೂ ತೂತು ತಿರುಳು ತಪ್ಪಿಸಿ ಪಕ್ಕಕ್ಕೆ ಹೋಗಿತ್ತು.

ಮಧ್ಯದಲ್ಲಿ ಚೊಗರಿನ ಕಥೆ ಹೇಳಿಬಿಡುತ್ತೇನೆ. ಮನೆಯವಳ ತವರು ಕೊಪ್ಪದ ಕಡೆ. ಅಡಿಕೆ ಬೇಯಿಸಿದ ಚೊಗರು ಒಂದು ಕ್ಯಾನ್ ತಂದಿದ್ದೆ. ಉಳಿದ ಚೂರುಗಳನ್ನು ಅದರಲ್ಲಿ ಕುದಿಸಿದೆ. ತಾಮ್ರದಲ್ಲಿ ಕುದಿಸಿದ್ದು ಚೆಂದದ ಕೆಂಪು. ಹಳೇ ಕಬ್ಬಿಣದ ಡಬ್ಬದಲ್ಲಿ ಕುದಿಸಿದ್ದು ಕಪ್ಪೋ ಕಪ್ಪು, ಶಾಯಿಯಂತೆ. ಚೊಗರಿನ ಒಗರು ಕಬ್ಬಿಣ ಸೇರಿದರೆ ಹಾಗೇ. ಆ ಕಪ್ಪು ಚೂರಿನಲ್ಲಿ ಒಂದು ಚಮಚ ಕೆತ್ತಿ ಎಣ್ಣೆ ಹಚ್ಚಿ ಸಂಘಕ್ಕೆ ಒಯ್ದೆ. ಆಚಾರ್ರು ಹಿಂದೆ ಮುಂದೆ ತಿರುಗಿಸಿ ನೋಡಿ, "ಬೀಟೆ. ಬಿಲ್ ಎಲ್ಲಿ?" ಅಂದರು. ನಾನು ಜೇಬಿನಿಂದ ಇನ್ನೊಂದು ಚೂರು ತೆಗೆದು ಚಾಕುವಿನಲ್ಲಿ ಕೆರೆದು ಒಳಗಿನ ಹಳದಿ ತೋರಿಸಿದೆ. ಆ ಭಾನುವಾರದ ಬನ್ನು ಬಹಳ ರುಚಿಯಾಗಿತ್ತು.

ಅಳಿಲಿನ ಬಾಲವೇ ದೊಡ್ಡ ಪಂಥ. ಕೆಂದಳಿಲು ಕೂತಾಗ ಬಾಲ ಕೊಂಬೆಯಿಂದ ಕೆಳಗೆ ಜೋತುಬೀಳುತ್ತದೆ. ನೇರ ಇಳಿಬಿಟ್ಟರೆ ಎಳೆಯ ಉದ್ದಕ್ಕೇ ಬರುತ್ತದೆ, ಗಟ್ಟಿ. ತುದಿ ಮೇಲಕ್ಕೆ ಸುರುಳಿ ಮಾಡಿದರೆ ಎಳೆ ಅಡ್ಡ ಬಿದ್ದು ಮುರಿಯುತ್ತದೆ. ನನಗೆ ಸುರುಳಿಯೇ ಬೇಕಿತ್ತು. ಒಂದು ಅಳಿಲಿನ ಬಾಲ ಡಿಸೆಂಬರಿನಲ್ಲಿ ಕೈಯಲ್ಲೇ ಮುರಿಯಿತು. ಕೊಡತಿ ಕೂಡ ಬಳಸಿರಲಿಲ್ಲ, ಪಾಲಿಶ್ ಪೇಪರ್ ತಿಕ್ಕುತ್ತಿದ್ದೆ ಅಷ್ಟೆ. ಎರಡನೆಯದಕ್ಕೆ ಬಾಲ ನೇರ ಬಿಟ್ಟೆ, ತುದಿಗೆ ಸ್ವಲ್ಪವೇ ಸ್ವಲ್ಪ ತಿರುವು. ಕೂದಲಿನ ಗೀರು ಮೂಡಿಸಲು ಉಳಿಯ ಮೂತಿಯನ್ನು ಒಂದು ಥರ ಸಾಣೆ ಹಿಡಿಯುತ್ತೇನೆ. ಅದನ್ನೂ ಕೇಳಬೇಡಿ.

ಸ್ಪರ್ಧೆಯ ದಿನ ಜಗಳ ಬಿತ್ತು. ಅಂಕ ಹಾಕುವವರೊಬ್ಬರು ಅಳಿಲನ್ನು ತಲೆಕೆಳಗು ಮಾಡಿ ತೂತು ನೋಡಿ, "ಇದು ಮೋಸ" ಅಂದರು. ನಿಯಮದ ಹಾಳೆ ತರಿಸಿದೆವು. ಅಂಟು ಬೇಡ, ಪುಟ್ಟಿ ಬೇಡ ಅಂತಿದೆ. ತೂತು ಬೇಡ ಅಂತ ಎಲ್ಲೂ ಇಲ್ಲ. ಬೇಲೂರಿನ ಮದನಿಕೆಯ ಪೀಠದ ಮೇಲೆ ಶಿಲ್ಪಿಗಳಾದ ದಾಸೋಜ, ಚಾವಣ ತಮ್ಮ ಹೆಸರು ಕೊರೆದಿದ್ದಾರೆ, ನಾನು ನನ್ನ ಅಳಿಲಿನ ಅಡಿಗೆ ಏನು ಬೇಕಾದರೂ ಕೊರೆಯುತ್ತೇನೆ ಅಂದೆ. ಮೇಷ್ಟರು ನಕ್ಕಿದ್ದರಿಂದ ಅಲ್ಲಿಗೆ ಮುಗಿಯಿತು. ಈ ವರ್ಷದಿಂದ ನಿಯಮಕ್ಕೆ ಒಂದು ಸಾಲು ಸೇರಿದೆ, "ಅಡಿಯಲ್ಲಿ ಒಂದು ತೂತು ಇರಬಹುದು" ಅಂತ. ಆ ಸಾಲು ನನ್ನದೇ ಅಂತ ಹೇಳಿಕೊಂಡು ತಿರುಗುತ್ತಿದ್ದೇನೆ.

ಬಂದದ್ದು ಎರಡನೇ ಬಹುಮಾನ, 2 ಸಾವಿರ. ಮೊದಲನೆಯದು ಕಾಲೇಜು ಹುಡುಗಿ ಶಿವನಿಯಲ್ಲಿ ಕೆತ್ತಿದ ಮಂಗಟ್ಟೆ ಹಕ್ಕಿಗೆ. ಕೊಕ್ಕು ನೋಡಿದರೆ ತಕರಾರು ಮಾಡಲು ಮನಸ್ಸು ಬರಲಿಲ್ಲ. ನಾಲ್ಕು ವರ್ಷದಲ್ಲಿ ಹಂಡೆ, ಬಿಟ್ಟು, ಮೇಣ, ಹಾಳಾದ ಉಳಿ ಎಲ್ಲ ಸೇರಿ 10-11 ಸಾವಿರ ಹೋಗಿದೆ. ಚಮಚ ಮಾರಿ ಎರಡೂವರೆ ಸಾವಿರದಷ್ಟು ಬಂದಿರಬಹುದು. ಹೋಂಸ್ಟೇ ನಡೆಸುವ ಒಬ್ಬರು ಅಳಿಲಿಗೆ 6 ಸಾವಿರ ಅಂದರು, ಕೊಡಲಿಲ್ಲ. ಕೊಡಬೇಕಿತ್ತು ಅಂತ ಮನೆಯವಳು ಈಗಲೂ ಅನ್ನುತ್ತಾಳೆ.

ಹೋದ ತಿಂಗಳು ಗಿಡ ಕೀಳಿಸುತ್ತಿದ್ದಾಗ ಆಚಾರ್ರು ಆಟೋ ಮಾಡಿಕೊಂಡು ಬಂದರು. ಎರಡು ಬೊಡ್ಡೆ ಬೇಕಂತೆ. ಮೊಮ್ಮಗನಿಗೆ ಅಂದರು. ನಾನೇ ಆರಿಸಿ ನಾಲ್ಕು ಕೊಟ್ಟೆ. ಕಾಫಿ ಕುಡಿಯುತ್ತಾ, "ನೀರಿಗೆ ಏನೋ ಹಾಕ್ತೀರಂತಲ್ಲ, ಉಪ್ಪಾ?" ಅಂತ ಕೇಳಿದರು.

"ಉಪ್ಪಲ್ಲ ಆಚಾರ್ರೇ."

"ಸುಣ್ಣ?"

"ಇನ್ನೊಂದು ಲೋಟ ಕಾಫಿ ತೊಗೊಳ್ಳಿ."

ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದರು. ಹಂಡೆಯ ಮುಚ್ಚಳ ಎತ್ತಿ ಬಗ್ಗಿ ಮೂಸುವುದು ಅಡುಗೆಮನೆ ಕಿಟಕಿಯಿಂದ ಕಾಣುತ್ತಿತ್ತು. ಬೆಳಿಗ್ಗೆಯೇ ಬೂದಿ ಹಾಕಿ ತಿಕ್ಕಿ ತೊಳೆದು ಇಟ್ಟಿದ್ದೆ.