ಮೇಲ್ ಹೋಗುತ್ತಿಲ್ಲವೇ? ಪಾಸ್‌ವರ್ಡ್ ಮುಟ್ಟುವ ಮೊದಲು ಟರ್ಮಿನಲ್ ತೆರೆಯಿರಿ

ಕಕ್ಕಡದ ಮಳೆಯಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ಮಡಿಕೇರಿ, ಸೋಮವಾರಪೇಟೆ ಕಡೆಯ ಹೋಂಸ್ಟೇ, ತೋಟದ ಆಫೀಸುಗಳಿಗೆ ಮೊಬೈಲ್ ಹಾಟ್‌ಸ್ಪಾಟೇ ಗತಿ. ವಾಟ್ಸಾಪ್ ಓಡುತ್ತದೆ, ಬುಕಿಂಗ್ ಖಾತ್ರಿಯ ಮೇಲ್ ಮಾತ್ರ ಔಟ್‌ಬಾಕ್ಸ್ ಬಿಟ್ಟು ಕದಲುವುದಿಲ್ಲ. ಆಗ ಪಾಸ್‌ವರ್ಡ್ ಬದಲಿಸಬೇಡಿ. ಸರಿಯಿದ್ದ ಫೋನುಗಳಲ್ಲೂ ಲಾಗಿನ್ ಕೆಡುತ್ತದೆ. ಸಂಪರ್ಕ ಎಲ್ಲಿ ನಿಂತಿದೆ ಎಂಬುದನ್ನು ಮೊದಲು ಹುಡುಕಿ.

ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಪರದೆ) ಎನ್‌ಎಸ್‌ಲುಕಪ್ ಕೊಟ್ಟು ಮೇಲ್ ಸರ್ವರ್ ಹೆಸರಿಗೆ ಐಪಿ, ಅಂದರೆ ಅಂಕಿಗಳ ವಿಳಾಸ, ಸಿಗುತ್ತದೆಯೇ ನೋಡಿ. ಸಿಗದಿದ್ದರೆ ತೊಂದರೆ ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್‌ನದು ಅಥವಾ ಹೆಸರೇ ತಪ್ಪಾಗಿದೆ.

ಮುಂದೆ ಪೋರ್ಟ್, ಅಂದರೆ ಸರ್ವರ್‌ನ ಒಂದೊಂದು ಸೇವೆಗಿರುವ ಸಂಖ್ಯೆಯ ಬಾಗಿಲು. ಮೇಲ್ ಕಳುಹಿಸಲು 587 ಅಥವಾ 465. ಲಿನಕ್ಸ್‌ನಲ್ಲಿ ಎನ್‌ಸಿ -ವಿಝಡ್, ಸರ್ವರ್ ಹೆಸರು, 587. ವಿಂಡೋಸ್ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್, ಸರ್ವರ್ ಹೆಸರು, -ಪೋರ್ಟ್ 587. ಇಲ್ಲಿ ಬರುವ ಉತ್ತರವನ್ನು ನಿಧಾನವಾಗಿ ಓದಿ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ತಕ್ಷಣ ಬಂದರೆ ಸಾಮಾನ್ಯವಾಗಿ ಸರ್ವರ್‌ವರೆಗೆ ದಾರಿ ಇದೆ, ಆ ಪೋರ್ಟ್‌ನಲ್ಲಿ ಸೇವೆ ಇಲ್ಲ ಎಂದರ್ಥ. ತುಂಬ ಹೊತ್ತು ಕಾದು ‘ಟೈಮ್ಡ್ ಔಟ್’ ಬಂದರೆ ಹೆಚ್ಚಾಗಿ ನಡುವೆ ಯಾವುದೋ ಫೈರ್‌ವಾಲ್ (ಸಂಪರ್ಕ ಸೋಸುವ ಕಾವಲು) ಪ್ಯಾಕೆಟ್‌ಗಳನ್ನು, ಅಂದರೆ ಮಾಹಿತಿಯ ತುಣುಕುಗಳನ್ನು, ಸದ್ದಿಲ್ಲದೆ ಬಿಸಾಡುತ್ತಿದೆ. 25ನೇ ಪೋರ್ಟ್ ಆದರೆ ಆಶ್ಚರ್ಯ ಬೇಡ: ಸ್ಪ್ಯಾಮ್ ತಡೆಯಲು ಅನೇಕ ಇಂಟರ್ನೆಟ್ ಕಂಪನಿಗಳು ಅದನ್ನು ಮುಚ್ಚಿರುತ್ತವೆ. ಅದು ಸರ್ವರ್‌ನಿಂದ ಸರ್ವರ್‌ಗೆ ಇರುವ ದಾರಿ. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ 25 ಇದ್ದರೆ, ಸರ್ವರ್ ಯಾವುದನ್ನು ಒಪ್ಪುತ್ತದೋ ಅದರಂತೆ 587 ಅಥವಾ 465 ಹಾಕಿ.

ಪೋರ್ಟ್ ತೆರೆದಿದ್ದರೆ ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಗೆ ತಿರುಗಿಸುವ ವ್ಯವಸ್ಥೆ) ಪರೀಕ್ಷೆ:

ಓಪನ್‌ಎಸ್‌ಎಸ್‌ಎಲ್ ಎಸ್_ಕ್ಲೈಂಟ್ -ಕನೆಕ್ಟ್ ಸರ್ವರ್‌ಹೆಸರು:587 -ಸ್ಟಾರ್ಟ್‌ಟಿಎಲ್‌ಎಸ್ ಎಸ್‌ಎಂಟಿಪಿ -ಸಿಆರ್‌ಎಲ್‌ಎಫ್

465ಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಭಾಗ ಬೇಡ, ಅಲ್ಲಿ ಮೊದಲಿಂದಲೇ ಗೂಢಲಿಪಿ. ಹಾಗಾಗಿ ಗೂಢಲಿಪಿ ಅರಿಯದ ಟೆಲ್ನೆಟ್ ಆದೇಶದಲ್ಲಿ 465 ತೆರೆದರೆ ಪರದೆ ಖಾಲಿ ಇರುವುದು ಸಹಜ. 587ಕ್ಕೆ ಆ ಭಾಗ ಮರೆತರೆ ‘ರಾಂಗ್ ವರ್ಷನ್ ನಂಬರ್’ ಎಂಬ ದೋಷ ಬರುತ್ತದೆ, ಸರ್ವರ್ ಕೆಟ್ಟಿಲ್ಲ. ಉತ್ತರದಲ್ಲಿ ‘ವೆರಿಫೈ ರಿಟರ್ನ್ ಕೋಡ್’ 0 ಇರಬೇಕು. 9 ಎಂದರೆ ಸರ್ವರ್‌ನ ಗುರುತು ಹೇಳುವ ಸರ್ಟಿಫಿಕೇಟ್ ಜಾರಿಯಾಗುವ ದಿನಾಂಕ ನಿಮ್ಮ ಗಡಿಯಾರದ ಪ್ರಕಾರ ಇನ್ನೂ ಬಂದಿಲ್ಲ: ಕರೆಂಟ್ ಹೋಗಿ ಬಂದ ಮೇಲೆ, ಮದರ್‌ಬೋರ್ಡ್ ಬ್ಯಾಟರಿ ಸತ್ತ ಹಳೆಯ ಕಂಪ್ಯೂಟರ್‌ನ ಗಡಿಯಾರ ಹಿಂದಕ್ಕೆ ಹೋಗಿರುತ್ತದೆ. ತಾರೀಕು ಸರಿಪಡಿಸಿ.

‘ಕನೆಕ್ಟೆಡ್’ ಎಂದು ಬಂದು ಅಲ್ಲೇ ನಿಂತುಬಿಟ್ಟರೆ ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿ) ಮೇಲೆ ಅನುಮಾನ ಪಡಿ. ಸಣ್ಣ ಪ್ಯಾಕೆಟ್‌ಗಳು ದಾಟುತ್ತವೆ, ಸರ್ಟಿಫಿಕೇಟ್ ಹೊತ್ತ ದೊಡ್ಡವು ದಾಟುವುದಿಲ್ಲ. ಪಿಪಿಪಿಒಇ (ರೂಟರ್ ಲಾಗಿನ್ ಆಗಿ ಇಂಟರ್ನೆಟ್ ಸೇರುವ ವಿಧಾನ) ಬಳಸುವ ಫೈಬರ್‌ನಲ್ಲಿ ಎಂಟಿಯು ಸಾಮಾನ್ಯವಾಗಿ 1492. ವಿಂಡೋಸ್‌ನಲ್ಲಿ ಪಿಂಗ್ -ಎಫ್ -ಎಲ್ 1464, ಸರ್ವರ್ ಹೆಸರು ಕೊಡಿ; ಹೋಗದಿದ್ದರೆ ಹೋಗುವವರೆಗೆ ಸಂಖ್ಯೆ ಇಳಿಸಿ, ಸಿಕ್ಕಿದ್ದಕ್ಕೆ ಪ್ಯಾಕೆಟ್‌ನ ತಲೆಬರಹದ 28 ಬೈಟ್ ಕೂಡಿಸಿ ರೂಟರ್‌ನಲ್ಲಿ ಹಾಕಿ. ಪಿಂಗ್‌ಗೆ ಉತ್ತರಿಸುವ ಸರ್ವರ್ ಮೇಲೆಯೇ ಇದನ್ನು ಮಾಡಬೇಕು.

ಇಷ್ಟೂ ದಾಟಿದರೆ ಮಾತ್ರ ಪಾಸ್‌ವರ್ಡ್ ಸರದಿ. ಸರ್ವರ್‌ನಿಂದ 535 ಬಂದರೆ ಲಾಗಿನ್ ನಿರಾಕರಣೆ. ಜಿಮೇಲ್ ಆದರೆ ಎರಡು ಹಂತದ ದೃಢೀಕರಣ ಹಾಕಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಿರಿ. ಲಾಗಿನ್ ಪರೀಕ್ಷಿಸಲು ಪಾಸ್‌ವರ್ಡನ್ನು ಕೈಯಾರೆ ಬೇಸ್64 (ಸರ್ವರ್‌ಗೆ ಕಳುಹಿಸುವ ಅಕ್ಷರರೂಪ) ಮಾಡುವವರು ಎಕೋ ಆದೇಶದ ಬದಲು ಪ್ರಿಂಟ್‌ಎಫ್ ಬಳಸಿ, ಎಕೋ ಕೊನೆಯಲ್ಲಿ ಸಾಲುಮುರಿತ ಸೇರಿಸಿ ಪಾಸ್‌ವರ್ಡ್ ಕೆಡಿಸುತ್ತದೆ. ಬೇಸ್64 ಯಾರು ಬೇಕಾದರೂ ಬಿಚ್ಚಬಹುದಾದದ್ದು. ಆ ಪರದೆಯ ಫೋಟೋವನ್ನು ಗ್ರೂಪ್‌ಗೆ ಹಾಕಲೇಬೇಡಿ.

ವಿಳಾಸ ಪರೀಕ್ಷಿಸುವಾಗ, ಮೇಲ್ ಯಾರಿಗೆಂದು ಸರ್ವರ್‌ಗೆ ಹೇಳುವ ‘ಆರ್‌ಸಿಪಿಟಿ ಟು’ ಅನ್ನು ಸಣ್ಣಕ್ಷರದಲ್ಲೇ ಟೈಪ್ ಮಾಡಿ. ಸಾಲಿನ ಮೊದಲಿಗೆ ದೊಡ್ಡ ‘ಆರ್’ ಬಂದರೆ ಎಸ್_ಕ್ಲೈಂಟ್ ಅದನ್ನು ತನಗೆ ಕೊಟ್ಟ ಆದೇಶವೆಂದೇ ತಿಳಿಯುತ್ತದೆ. ಉತ್ತರ 4ರಿಂದ ಶುರುವಾದರೆ ತಾತ್ಕಾಲಿಕ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳುಹಿಸಿ. 550 ಬಂದರೆ ಕಾದು ಪ್ರಯೋಜನವಿಲ್ಲ. ವಿಳಾಸದ ಕಾಗುಣಿತ ನೋಡಿ, ಸರಿಯಿದ್ದರೆ ಪಕ್ಕದಲ್ಲಿ ಬರೆದ ಕಾರಣ ಓದಿ.