ಚೀಟಿಯಲ್ಲಿ ಬರೆದ ನೆಲನೆಲ್ಲಿ

ಶಿರಸಿ–ಸಿದ್ದಾಪುರ ರಸ್ತೆಯಿಂದ ಒಳಗಿಳಿದರೆ ನಮ್ಮೂರು. ಕಾಮಾಲೆಗೆ ಮದ್ದು ಕೊಡುವುದು ಅಜ್ಜನ ಕಾಲದಿಂದ ಬಂದದ್ದು. ನೆಲನೆಲ್ಲಿಯನ್ನು ಬೇರು ಸಮೇತ ಅರೆದು, ಮಜ್ಜಿಗೆಯಲ್ಲಿ ಕದಡಿ, ಬೆಳಗ್ಗೆ ಖಾಲಿ ಹೊಟ್ಟೆಗೆ ಮೂರು ದಿನ. ಎಣ್ಣೆ, ಖಾರ ಬಿಡುವ ಪಥ್ಯ. ಒಂದೇ ಕಟ್ಟು: ಮದ್ದಿನ ಹೆಸರು ಹೇಳಬಾರದು, ಹೇಳಿದರೆ ಫಲ ಹೋಗುತ್ತದೆ.

ಜನ ಗುಣವಾಗುತ್ತಿದ್ದರು, ನಮಗೆ ಹೆಸರು ಬರುತ್ತಿತ್ತು. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಅನ್ನುವ ಕಾಮಾಲೆ ಹೆಚ್ಚಿನವರಲ್ಲಿ ತಾನಾಗಿಯೇ ವಾಸಿಯಾಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಅರ್ಧ ಹೆಸರು ಸುಮ್ನೆ ಬಂದದ್ದೇ ಅಲ್ವಾ?

ಒಂದು ಮಳೆಗಾಲ, ಅಡಿಕೆ ಮರ ಹತ್ತಿ ತೋಟಕ್ಕೆ ಮದ್ದು ಹೊಡೆಯುವ ಕೊನೆಗೌಡನೊಬ್ಬ ಬಂದ. ಕಣ್ಣು ಹಳದಿ. ನಾನು ಅಷ್ಟೇ ನೋಡಿದೆ, ಮದ್ದು ಕೊಟ್ಟು ಕಳಿಸಿದೆ. ಮೂರನೇ ದಿನ ಅವನನ್ನು ಜೀಪಿನಲ್ಲಿ ಮಲಗಿಸಿಕೊಂಡು ಬಂದರು. ಹಳದಿಯ ಜೊತೆ ಕಣ್ಣು ಕೆಂಪಗೂ ಇತ್ತು. ಮೀನಖಂಡ ಮುಟ್ಟಿದರೆ ಕೂಗಿದ. "ಉಚ್ಚೆ ಸರಿ ಹೋಗ್ತಾ?" ಕೇಳಿದೆ. "ನಿನ್ನೆಯಿಂದ ಇಲ್ಲ ಭಟ್ರೇ" ಅಂದ.

ಅದೇ ಜೀಪಿನಲ್ಲಿ ಆಸ್ಪತ್ರೆಗೆ ಹೋದೆವು. ಇಲಿ ಜ್ವರ. ಇಲಿಯ ಮೂತ್ರ ಸೇರಿದ ತೋಟದ ನೀರು, ಕಾಲಿನ ಬಿರುಕು, ಅಷ್ಟೇ ಸಾಕಂತೆ. ಕಿಡ್ನಿಗೂ ಇಳಿದಿತ್ತು. ಪೆನ್ಸಿಲಿನ್ ಕೊಟ್ಟರು, ಬದುಕಿದ. "ನೀವೇನು ಕೊಟ್ಟಿದ್ದಿರಿ?" ಡಾಕ್ಟರು ಕೇಳಿದರು. ನನ್ನ ಬಾಯಿ ಕಟ್ಟಿತು. ಆಮೇಲೆ ಹೇಳಿದೆ.

ಈಗ ರಿಪೋರ್ಟ್ ಬಾರದೆ ಅರೆಯುವ ಕಲ್ಲು ಮುಟ್ಟುವುದಿಲ್ಲ. ಕಣ್ಣು ಹಳದಿ ಮಾಡುವ ಬಿಲಿರುಬಿನ್ ರಕ್ತದಲ್ಲಿ ಸಾಧಾರಣ 1ರ ಆಸುಪಾಸು ಇರಬೇಕು. ಅದು ಎಷ್ಟಕ್ಕೆ ಏರಿದೆ, ಹೆಪಟೈಟಿಸ್ ಬಿ ಇದೆಯಾ, ಮಳೆಗಾಲವಾದರೆ ಇಲಿ ಜ್ವರದ ಪರೀಕ್ಷೆ ಆಗಿದೆಯಾ ನೋಡುತ್ತೇನೆ. ಬಸುರಿಯರಿಗೆ, ಮಲ ಬೆಳ್ಳಗೆ ಹೋಗುವವರಿಗೆ ಮದ್ದೇ ಇಲ್ಲ, ನೇರ ಡಾಕ್ಟರ ಹತ್ತಿರ. ಬಿ ಇದ್ದವರಿಗೂ ಹಾಗೇ. 1988ರಲ್ಲಿ ಮದ್ರಾಸಿನ ಸಂಶೋಧಕರು ನೆಲನೆಲ್ಲಿಯಿಂದ ಹೆಪಟೈಟಿಸ್ ಬಿ ವೈರಸ್ ಹಲವರಲ್ಲಿ ಹೋಯಿತೆಂದು ಪ್ರಕಟಿಸಿದ್ದರು. ಅದನ್ನು ತೋರಿಸಿ ನಾನೂ ಜಂಬ ಕೊಚ್ಚಿದ್ದುಂಟು. ನಂತರದ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ.

ಉಳಿದವರಿಗೆ ಡಾಕ್ಟರು ಒಪ್ಪಿದರೆ ಕೊಡುತ್ತೇನೆ. ಬಾಯಿರುಚಿ ಕೆಟ್ಟವರಿಗೆ ತಂಬುಳಿ ಅನ್ನ ಹೇಳುತ್ತೇನೆ, ಅದಕ್ಕಂತೂ ಯಾರ ತಕರಾರೂ ಇಲ್ಲ. ಮದ್ದಿನ ಜೊತೆ ಒಂದು ಚೀಟಿ: ನೆಲನೆಲ್ಲಿ, ಮಜ್ಜಿಗೆಯಲ್ಲಿ, ಮೂರು ದಿನ. ಡಾಕ್ಟರಿಗೆ ತೋರಿಸಿ ಅನ್ನುತ್ತೇನೆ.

ಆಯಿಗೆ, ನನ್ನ ಅಮ್ಮನಿಗೆ, ಇದು ಇನ್ನೂ ಒಗ್ಗಿಲ್ಲ. ನಾನು ಪೆನ್ನು ತೆಗೆದ ಕೂಡಲೇ ಎದ್ದು ಒಳಗೆ ಹೋಗುತ್ತಾಳೆ.